ಬಿ.ಇ. ಮುಗಿದ ಮೇಲೆ ದೇಹದ ಪಾಠ

2025ರ ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಹೃದಯಾಘಾತದ ಮಾತೇ. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾವುಗಳು ಸುದ್ದಿಯಾದವು. ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎನ್ನದೆ ಎಲ್ಲ ಕಡೆಯವರೂ ಆಸ್ಪತ್ರೆಗಳಿಗೆ ಎಡತಾಕಿದರು. ಎದೆನೋವು ಇದ್ದವರೂ ಹೋದರು, ಇಲ್ಲದವರೂ ಹೋದರು. ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸರ್ಕಾರ ಸಮಿತಿ ರಚಿಸಿತು. ಅಸಹಜ ಏರಿಕೆಯೇನೂ ಕಂಡಿಲ್ಲ ಎಂದು ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಭಯ ಇಳಿಯಲು ಮಾತ್ರ ಇನ್ನಷ್ಟು ದಿನ ಹಿಡಿಯಿತು.

ಆ ದಿನಗಳಲ್ಲಿ ಜಿಲ್ಲೆಯ ಎಷ್ಟೋ ಮನೆಗಳಿಗೆ ಚೌಕಳಿ ಕಾಗದದ ಪಟ್ಟಿಯೊಂದು ಬಂದು ಸೇರಿತು. ಅದೇ ಇಸಿಜಿ. ಡಾಕ್ಟರು ಅದನ್ನು ಅರೆನಿಮಿಷ ನೋಡಿ ‘ಏನೂ ಇಲ್ಲ, ಧೈರ್ಯವಾಗಿರಿ’ ಎಂದರು, ಇಲ್ಲವೇ ಹಾಸಿಗೆ ತೋರಿಸಿದರು. ಗೆರೆ ಎಳೆದ ಯಂತ್ರದ ಬಗ್ಗೆ ಯಾರೂ ಕೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ಆದರೆ ನಮ್ಮ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವ ಹುಡುಗ ಹುಡುಗಿಯರು ಕೇಳಬೇಕು. ಆ ಯಂತ್ರದೊಳಗೆ ಇರುವುದರಲ್ಲಿ ಬಹುಪಾಲು ಅವರ ಮೂರನೇ, ನಾಲ್ಕನೇ ಸೆಮಿಸ್ಟರಿನ ಪಠ್ಯದಲ್ಲೇ ಇದೆ.

ಹಳೇಕೋಟೆ ಹೋಬಳಿಯ ಕಡೆ ಹೋದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಹೀಗಿರುತ್ತದೆ: ‘ಮಗಳು ಹಾಸನದಲ್ಲಿ ಇ ಅಂಡ್ ಸಿ ಮುಗಿಸಿದ್ಲು ಸಾರ್. ಈಗ ಬಯೋಮೆಡಿಕಲ್‌ನಲ್ಲಿ ಎಂ.ಟೆಕ್ ಮಾಡ್ತೀನಿ ಅಂತ ಕೂತವ್ಳೆ. ನಾಲ್ಕು ವರ್ಷ ಓದ್ಸಿದ್ದು ಹೊಳೇಲಿ ಹುಣಸೇಹಣ್ಣು ಕಿವುಚಿದಂಗಾಗಲ್ವಾ?’ ಸಾಲ ಮಾಡಿ ಫೀಸು ಕಟ್ಟಿದ ತಂದೆಯ ಆತಂಕ ಅದು, ನ್ಯಾಯವಾದದ್ದೇ. ಅವರಿಗೆ ನಾನು ಹೇಳುವ ಉತ್ತರ ಒಂದೇ. ಬಯೋಮೆಡಿಕಲ್‌ಗೆ ಹೋಗುವವರು ಹಿಂದೆ ಓದಿದ್ದನ್ನು ಬಿಟ್ಟು ಹೋಗುವುದಿಲ್ಲ, ಹೊತ್ತುಕೊಂಡೇ ಹೋಗುತ್ತಾರೆ. ಆ ಕ್ಷೇತ್ರ ಕಟ್ಟಿದವರಲ್ಲಿ ಬಹಳಷ್ಟು ಮಂದಿ ಬೇರೆ ಬೇರೆ ಬ್ರಾಂಚುಗಳಿಂದ ಬಂದವರು. ಹೊಸದಾಗಿ ಕಲಿಯಬೇಕಾದದ್ದು ಇದೆ, ಅದು ಸುಲಭವೂ ಅಲ್ಲ. ಆದರೆ ಹಳೆಯದು ವ್ಯರ್ಥವಾಗುವುದಿಲ್ಲ.

ಇಸಿಜಿಯನ್ನೇ ತೆಗೆದುಕೊಳ್ಳಿ. ಹೃದಯದ ಪ್ರತಿ ಬಡಿತದಲ್ಲೂ ಹುಟ್ಟುವ ವಿದ್ಯುತ್ತು ಚರ್ಮದ ಮೇಲಕ್ಕೆ ಬರುವ ಹೊತ್ತಿಗೆ ಸುಮಾರು ಒಂದು ಮಿಲಿವೋಲ್ಟಿಗೆ ಇಳಿದಿರುತ್ತದೆ. ಆ ಚೌಕಳಿ ಕಾಗದದಲ್ಲಿ ಗೆರೆ ಒಂದು ಸೆಂಟಿಮೀಟರ್ ಮೇಲೇರಿದರೆ ಅದು ಒಂದು ಮಿಲಿವೋಲ್ಟ್. ಕಾಗದ ಓಡುವ ವೇಗ ಸೆಕೆಂಡಿಗೆ 25 ಮಿಲಿಮೀಟರ್. ಇತ್ತ ವಾರ್ಡಿನ ಗೋಡೆಗಳೊಳಗೆ, ಮಂಚದ ಪಕ್ಕದ ಪ್ಲಗ್ಗಿನಲ್ಲಿ, ತಲೆಯ ಮೇಲಿನ ಟ್ಯೂಬ್‌ಲೈಟಿನಲ್ಲಿ 230 ವೋಲ್ಟಿನ ವಿದ್ಯುತ್ತು ಹರಿಯುತ್ತಿದೆ, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತ. ಮಲಗಿದವರ ದೇಹ ಆ ವಿದ್ಯುತ್ತಿನ ಗದ್ದಲವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಗದ್ದಲ ಹೃದಯದ ಸಂಕೇತಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದನ್ನು ಕಳೆದು ಒಂದು ಮಿಲಿವೋಲ್ಟನ್ನು ಮಾತ್ರ ಹಿಗ್ಗಿಸುವುದು ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್‌ನ ಕೆಲಸ. ಎರಡು ಕೈಗಳಿಗೂ ಸಮನಾಗಿ ಬಂದ ಗದ್ದಲವನ್ನು ಅದು ಒಂದರಿಂದ ಇನ್ನೊಂದನ್ನು ಕಳೆದು ಅಳಿಸುತ್ತದೆ, ಉಳಿದ ವ್ಯತ್ಯಾಸವನ್ನಷ್ಟೇ ಮುಂದಕ್ಕೆ ಬಿಡುತ್ತದೆ. ಮೂರು ಆಪ್-ಆಂಪ್ ಜೋಡಿಸಿ ಈ ಸರ್ಕ್ಯೂಟನ್ನು ಲ್ಯಾಬಿನಲ್ಲಿ ಕಟ್ಟದ ಇ ಅಂಡ್ ಸಿ ವಿದ್ಯಾರ್ಥಿ ಇರಲಿಕ್ಕಿಲ್ಲ.

ಇಸಿಜಿ ಮಾಡಿಸಿಕೊಂಡವರಿಗೆ ಬಲಗಾಲಿಗೆ ಹಾಕುವ ಕಪ್ಪು ಕ್ಲಿಪ್ಪು ನೆನಪಿರಬಹುದು. ಅದು ಹೃದಯವನ್ನು ಅಳೆಯುವುದೇ ಇಲ್ಲ. ದೇಹ ಹೀರಿದ ಗದ್ದಲವನ್ನು ಯಂತ್ರ ತಲೆಕೆಳಗು ಮಾಡಿ ಆ ಕ್ಲಿಪ್ಪಿನ ಮೂಲಕ ದೇಹಕ್ಕೇ ವಾಪಸು ಕೊಡುತ್ತದೆ. ಎರಡೂ ಒಂದನ್ನೊಂದು ಅಡಗಿಸುತ್ತವೆ. ಹಾಗೆ ವಾಪಸು ಕೊಡುವಾಗ ಅಪಾಯದ ಕರೆಂಟು ಹರಿಯಬಾರದು. ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣಗಳಲ್ಲಿ ಎಲ್ಲವೂ ಸರಿಯಿರುವಾಗ ಸೋರುವ ಕರೆಂಟು 10 ಮೈಕ್ರೋಆಂಪಿಯರ್ ಮೀರಬಾರದೆಂಬುದು ಅಂತರರಾಷ್ಟ್ರೀಯ ಮಾನದಂಡ.

ಇಷ್ಟರವರೆಗೆ ಎಲೆಕ್ಟ್ರಾನಿಕ್ಸ್ ಸಾಕು. ಇಲ್ಲಿಂದ ಮುಂದೆ ಸಾಲದು. ರೋಗಿ ಉಸಿರಾಡಿದಾಗ ಇಸಿಜಿಯ ಗೆರೆ ಒಟ್ಟಾರೆ ಮೇಲೆ ಕೆಳಗೆ ತೂಗುತ್ತದೆ. ಎಂಜಿನಿಯರ್ ಏನು ಮಾಡುತ್ತಾನೆ? ಕೆಳಗಿನ ಫ್ರೀಕ್ವೆನ್ಸಿಗಳನ್ನು ಕತ್ತರಿಸುವ ಒಂದು ಫಿಲ್ಟರ್ ಹಾಕುತ್ತಾನೆ, ಗೆರೆ ಅಚ್ಚುಕಟ್ಟಾಗಿ ನಿಲ್ಲುತ್ತದೆ. ಆದರೆ ಹೃದಯಾಘಾತದ ಗುರುತು ಕಾಣುವುದು ಎಸ್‌ಟಿ ಎನ್ನುವ ತುಣುಕಿನ ಏರಿಳಿತದಲ್ಲಿ. ಅದೂ ನಿಧಾನಗತಿಯ ಸಂಕೇತವೇ. ಫಿಲ್ಟರನ್ನು ಅರ್ಧ ಹರ್ಟ್ಸ್‌ಗೆ ಏರಿಸಿದರೆ ಆ ತುಣುಕು ವಿರೂಪಗೊಳ್ಳಬಹುದು. ಇಲ್ಲದ ಕಾಯಿಲೆ ಕಾಣಬಹುದು, ಇರುವುದು ಮರೆಯಾಗಬಹುದು. ಅದಕ್ಕೇ ರೋಗನಿರ್ಣಯದ ಇಸಿಜಿಯಲ್ಲಿ ಆ ಮಿತಿಯನ್ನು 0.05 ಹರ್ಟ್ಸ್‌ನಷ್ಟು ಕೆಳಗೆ ಇಡುತ್ತಾರೆ. ಫಿಲ್ಟರ್ ಕಟ್ಟುವುದು ಬಿ.ಇ.ಯಲ್ಲಿ ಬರುತ್ತದೆ. ಯಾವುದನ್ನು ಕತ್ತರಿಸಬಾರದು ಎಂದು ತಿಳಿಯಬೇಕಾದರೆ ಹೃದಯದ ಸ್ನಾಯು ಹೇಗೆ ಸಂಕುಚಿಸುತ್ತದೆ, ಹೇಗೆ ಸಡಿಲಗೊಳ್ಳುತ್ತದೆ ಎಂದು ತಿಳಿದಿರಬೇಕು. ಬಯೋಮೆಡಿಕಲ್ ಸ್ನಾತಕೋತ್ತರ ಓದು ಕಲಿಸುವುದು ಇದನ್ನು.

ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಪಲ್ಸ್ ಆಕ್ಸಿಮೀಟರ್‌ನ ಹುಟ್ಟು ಇನ್ನೂ ಸ್ವಾರಸ್ಯದ್ದು. ಜಪಾನಿನ ಟಕುವೊ ಅಒಯಾಗಿ ವೈದ್ಯರಲ್ಲ, ಎಲೆಕ್ಟ್ರಿಕಲ್ ಎಂಜಿನಿಯರ್. ರಕ್ತಕ್ಕೆ ಬಣ್ಣ ಸೇರಿಸಿ, ಕಿವಿಯ ಹಾಲೆಯ ಮೂಲಕ ಬೆಳಕು ಹಾಯಿಸಿ ಹೃದಯ ಎಷ್ಟು ರಕ್ತ ದೂಡುತ್ತದೆಂದು ಅಳೆಯಲು ಅವರು ಹೊರಟಿದ್ದರು. ನಾಡಿಯ ಮಿಡಿತ ಅವರ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ಅಳಿಸಲು ಹೆಣಗುತ್ತಿದ್ದಾಗ, ಎರಡು ಬಣ್ಣದ ಬೆಳಕಿನಲ್ಲಿ ಆ ಮಿಡಿತದ ಪ್ರಮಾಣವನ್ನು ಹೋಲಿಸಿದರೆ ರಕ್ತದ ಆಮ್ಲಜನಕವೇ ಗೊತ್ತಾಗುತ್ತದೆ ಎಂದು ಹೊಳೆಯಿತು. 1974ರಲ್ಲಿ ಅದನ್ನು ಮಂಡಿಸಿದರು. ಅವರು ತೀರಿಕೊಂಡಿದ್ದು 2020ರ ಏಪ್ರಿಲ್‌ನಲ್ಲಿ, ಇಡೀ ಲೋಕ ಅವರ ಉಪಕರಣಕ್ಕೆ ಬೆರಳು ಕೊಡುತ್ತಿದ್ದ ಹೊತ್ತಿನಲ್ಲಿ.

ಸಂಕೇತಗಳ ಗಣಿತ ಎಷ್ಟು ದೂರ ಒಯ್ಯುತ್ತದೆ ಎನ್ನುವುದಕ್ಕೆ ಕನ್ನಡದ್ದೇ ನಿದರ್ಶನವಿದೆ. ಮುದ್ರಿತ ಕನ್ನಡ ಪುಟವನ್ನು ಓದಿ ಅಕ್ಷರಗಳಾಗಿ ಪರಿವರ್ತಿಸುವ ತಂತ್ರಾಂಶದ ಮೇಲೆ ಬಹುಕಾಲ ದುಡಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್. ಅವರ ಪಿಎಚ್.ಡಿ. ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ. ಅವರು ಕಟ್ಟಿದ ಪ್ರಯೋಗಾಲಯದ ಹೆಸರಿನಲ್ಲೇ ವೈದ್ಯಕೀಯವೂ ಇದೆ, ಭಾಷೆಯೂ ಇದೆ. ಬಯೋಮೆಡಿಕಲ್‌ಗೆ ಹೋದರೆ ಉಳಿದ ಬಾಗಿಲುಗಳೆಲ್ಲ ಮುಚ್ಚಿದಂತೆ ಎನ್ನುವವರು ಇದನ್ನು ಗಮನಿಸಬೇಕು.

ಮೆಕ್ಯಾನಿಕಲ್ ಹುಡುಗರಿಗೆ ನಾನು ತಿರುವನಂತಪುರದ ಕಥೆ ಹೇಳುತ್ತೇನೆ. ಬಾಲ್ಯದಲ್ಲಿ ಬಂದ ಗಂಟಲಿನ ಸೋಂಕು ಕೆಲವು ಮಕ್ಕಳಲ್ಲಿ ಮುಂದೆ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ. ಬಡ ಮನೆಗಳಲ್ಲೇ ಇದು ಹೆಚ್ಚು. ಹೊರದೇಶದ ಕೃತಕ ಕವಾಟ ಕೊಳ್ಳುವ ಶಕ್ತಿ ಆ ಮನೆಗಳಿಗೆ ಇರಲಿಲ್ಲ. ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಶಸ್ತ್ರವೈದ್ಯ ಎಂ.ಎಸ್. ವಲಿಯತ್ತಾನ್ ಈ ದೇಶದಲ್ಲೇ ಕವಾಟ ಮಾಡಬೇಕೆಂದು ಪಟ್ಟು ಹಿಡಿದರು. ವಿನ್ಯಾಸದ ತಂಡವನ್ನು ನಡೆಸಿದವರು ಎಂಜಿನಿಯರ್ ಜಿ.ಎಸ್. ಭುವನೇಶ್ವರ್. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 70 ಬಡಿತವೆಂದರೆ ದಿನಕ್ಕೆ ಒಂದು ಲಕ್ಷ, ವರ್ಷಕ್ಕೆ ಮೂರೂಮುಕ್ಕಾಲು ಕೋಟಿಯ ಹತ್ತಿರ. ಅಷ್ಟೂ ಸಲ ಕವಾಟದೊಳಗಿನ ಬಿಲ್ಲೆ ತೆರೆದು ಮುಚ್ಚಬೇಕು. ಸವೆಯಬಾರದು, ಬಿರುಕು ಬಿಡಬಾರದು, ರಕ್ತ ಹೆಪ್ಪುಗಟ್ಟಲು ಆಸ್ಪದ ಕೊಡಬಾರದು. ಯಾಂತ್ರಿಕ ಕವಾಟವನ್ನು ಪ್ರಯೋಗಾಲಯದಲ್ಲಿ 40 ಕೋಟಿ ಬಾರಿ ಆಡಿಸಿ ನೋಡಬೇಕೆಂದು ಈಗಿನ ಮಾನದಂಡ ಹೇಳುತ್ತದೆ. ಮನುಷ್ಯನ ಲೆಕ್ಕದಲ್ಲಿ ಅದು ಹತ್ತು ವರ್ಷಕ್ಕೂ ಮಿಕ್ಕ ಬದುಕು.

ಮೊದಲ ಮೂರು ಮಾದರಿಗಳು ಸೋತವು. ಒಂದರಲ್ಲಿ ಬೆಸುಗೆಯ ಕಡೆ ಮುರಿಯಿತು, ಇನ್ನೊಂದರಲ್ಲಿ ಲೋಹ ಸವೆಯಿತು, ಮತ್ತೊಂದರಲ್ಲಿ ಗಟ್ಟಿಯೆಂದು ನಂಬಿದ್ದ ನೀಲಮಣಿಯ ಬಿಲ್ಲೆಯೇ ಕೈಕೊಟ್ಟಿತು. ಕೊನೆಗೆ ಗೆದ್ದದ್ದು ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು, ಅದರೊಳಗೆ ವಾಲಾಡುವ ಪಾಲಿಎಥಿಲೀನ್ ಬಿಲ್ಲೆ. ಕುರಿಗಳಲ್ಲಿ ಪರೀಕ್ಷೆ ಮುಗಿಸಿ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಹೃದಯಕ್ಕೆ ಅದನ್ನು ಹೊಲಿದರು. ಟಿಟಿಕೆ ಚಿತ್ರಾ ಎಂಬ ಹೆಸರಿನ ಆ ಕವಾಟ ಇವತ್ತಿನವರೆಗೆ ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ಬೆಸುಗೆ, ಸವೆತ, ಫಟೀಗ್, ಮೆಟಲರ್ಜಿ, ದ್ರವದ ಹರಿವು ಎಲ್ಲವೂ ಮೆಕ್ಯಾನಿಕಲ್ ಪಠ್ಯದ ಅಧ್ಯಾಯಗಳೇ. ವಲಿಯತ್ತಾನ್ ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದು, ಕೊನೆಯವರೆಗೂ ಅಲ್ಲೇ ಇದ್ದು, 2024ರ ಜುಲೈನಲ್ಲಿ ತೀರಿಕೊಂಡರು. ಆ ಮಟ್ಟಿಗೆ ಅವರು ಕರ್ನಾಟಕದವರೂ ಹೌದು.

ಸೂರತ್ಕಲ್‌ನ ಎನ್‌ಐಟಿಕೆಯ ನಿರ್ದೇಶಕರಾಗಿ 2023ರಲ್ಲಿ ಬಂದ ಪ್ರೊ. ಬಿ. ರವಿ ಕೂಡ ಇದೇ ದಾರಿ ತುಳಿದವರು. ಲೋಹದ ಎರಕ ಅವರ ಮೂಲ ವಿಷಯ. ಕಾರ್ಖಾನೆಗಳ ಎರಕದಲ್ಲಿ ದೋಷ ಎಲ್ಲಿ ಬರುತ್ತದೆಂದು ಕಂಪ್ಯೂಟರಿನಲ್ಲಿ ಮೊದಲೇ ಕಂಡುಹಿಡಿಯುವ ಕೆಲಸ. ಐಐಟಿ ಬಾಂಬೆಯಲ್ಲಿದ್ದಾಗ ವೈದ್ಯಕೀಯ ಉಪಕರಣಗಳ ಕಡೆ ಹೊರಳಿ, 2014ರಲ್ಲಿ ಬೆಟಿಕ್ ಎಂಬ ಕೇಂದ್ರ ಕಟ್ಟಿದರು. ಡಾಕ್ಟರುಗಳನ್ನೂ ಬೇರೆ ಬೇರೆ ಬ್ರಾಂಚಿನ ಎಂಜಿನಿಯರುಗಳನ್ನೂ ಒಂದೇ ಮೇಜಿಗೆ ಕೂರಿಸುವುದು ಅದರ ರೀತಿ.

ಇಡೀ ಜಗತ್ತಿನಲ್ಲಿ ಬಯೋಮೆಕ್ಯಾನಿಕ್ಸ್‌ನ ಪಿತಾಮಹ ಎನಿಸಿಕೊಂಡ ವೈ.ಸಿ. ಫಂಗ್ ವಿಮಾನದ ರೆಕ್ಕೆಗಳ ಕಂಪನದಲ್ಲಿ ಪರಿಣತರಾಗಿದ್ದವರು. ಆ ವಿಷಯದ ಮೇಲೆ ಅವರು ಬರೆದ ಪುಸ್ತಕ 1955ರದ್ದು. ಚೀನಾದಲ್ಲಿದ್ದ ತಾಯಿಗೆ ಗ್ಲಾಕೋಮಾ ಬಂತು. ಕಣ್ಣಿನ ಬಗ್ಗೆ ಬಂದ ಲೇಖನಗಳನ್ನು ಓದಿ, ತಾಯಿಯ ಡಾಕ್ಟರಿಗೆ ಅನುವಾದಿಸಿ ಕಳಿಸುತ್ತ ಕಳಿಸುತ್ತ ಅವರಿಗೆ ದೇಹದ ಅಂಗಾಂಶಗಳ ಹುಚ್ಚು ಹತ್ತಿತು. 1966ರಲ್ಲಿ, ನಲವತ್ತೇಳರ ವಯಸ್ಸಿನಲ್ಲಿ, ವಿಮಾನಶಾಸ್ತ್ರದ ಹುದ್ದೆ ಬಿಟ್ಟು ಸ್ಯಾನ್ ಡಿಯಾಗೋಗೆ ಹೋಗಿ ಬಯೋಎಂಜಿನಿಯರಿಂಗ್ ವಿಭಾಗ ಕಟ್ಟಿದರು. ಇಪ್ಪತ್ತೆರಡನೇ ವಯಸ್ಸಿಗೆ ‘ಬ್ರಾಂಚ್ ಬದಲಾಯಿಸಲು ತಡವಾಯಿತು’ ಎನ್ನುವ ಮಕ್ಕಳಿಗೆ ನಾನು ಹೇಳುವ ಹೆಸರು ಇದು.

ಸಿವಿಲ್‌ನವರಿಗೆ ಇಲ್ಲೇನಿದೆ ಎಂದು ಕೇಳುವುದುಂಟು. 1866ರ ಸುಮಾರಿಗೆ ಜ್ಯೂರಿಕ್‌ನಲ್ಲಿ ಕಾರ್ಲ್ ಕುಲ್ಮನ್ ಎಂಬ ಸೇತುವೆ ಎಂಜಿನಿಯರ್, ಅಂಗರಚನಾಶಾಸ್ತ್ರಜ್ಞರೊಬ್ಬರು ಸೀಳಿ ತೋರಿಸಿದ ತೊಡೆಮೂಳೆಯನ್ನು ನೋಡಿ ಬೆರಗಾದರು. ಮೂಳೆಯೊಳಗಿನ ಎಳೆಗಳು ತಾವು ಕ್ರೇನಿಗೆ ಎಳೆದ ಒತ್ತಡದ ರೇಖೆಗಳ ಹಾಗೆಯೇ ಹರಡಿದ್ದವು. ಭಾರ ಬೀಳುವ ದಿಕ್ಕಿನಲ್ಲೇ ಮೂಳೆ ತನ್ನನ್ನು ಕಟ್ಟಿಕೊಳ್ಳುತ್ತದೆ ಎಂಬ ತಿಳಿವಳಿಕೆ ಬೆಳೆದದ್ದು ಅಲ್ಲಿಂದ. ಇಂದು ಸೊಂಟದ ಕೃತಕ ಕೀಲು ವಿನ್ಯಾಸ ಮಾಡುವವರು ಬಳಸುವ ಫೈನೈಟ್ ಎಲಿಮೆಂಟ್ ಲೆಕ್ಕ, ಕಟ್ಟಡಕ್ಕೂ ಅಣೆಕಟ್ಟಿಗೂ ಬಳಸುವ ಲೆಕ್ಕವೇ. ಗೊರೂರಿನ ಕಟ್ಟೆಯ ಮೇಲೆ ನೀರಿನ ಒತ್ತಡ ಲೆಕ್ಕ ಹಾಕಬಲ್ಲವರು ಮೂಳೆಯ ಮೇಲೂ ಹಾಕಬಲ್ಲರು.

ಕೆಮಿಕಲ್ ಎಂಜಿನಿಯರಿಂಗ್‌ನ ಮಾತು ಬಂದರೆ ದೂರ ಹೋಗಬೇಕಿಲ್ಲ, ಯಾವುದಾದರೂ ಡಯಾಲಿಸಿಸ್ ಘಟಕಕ್ಕೆ ಹೋಗಿ ನೋಡಿ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರುವಾದ ಮೇಲೆ ಈ ಯಂತ್ರಗಳು ದೊಡ್ಡ ಊರುಗಳನ್ನು ದಾಟಿ ಬಂದಿವೆ. ರೋಗಿಯ ಪಕ್ಕದಲ್ಲಿರುವ ಪಾರದರ್ಶಕ ಕೊಳವೆಯೊಳಗೆ ಸಾವಿರಾರು ಸಣ್ಣ ನಾಳಗಳಿರುತ್ತವೆ. ನಾಳಗಳ ಒಳಗೆ ರಕ್ತ, ಹೊರಗೆ ಎದುರು ದಿಕ್ಕಿನಲ್ಲಿ ದ್ರಾವಣ. ರಕ್ತದಲ್ಲಿರುವ ಯೂರಿಯಾ ನಾಳದ ಗೋಡೆಯಾದ ಪೊರೆಯ ಮೂಲಕ ಆಚೆ ದಾಟುತ್ತದೆ. ದ್ರಾವಣ ನಿಮಿಷಕ್ಕೆ ಅರ್ಧ ಲೀಟರ್ ಹರಿಯುತ್ತದೆ. ನಾಲ್ಕು ಗಂಟೆಯ ಒಂದು ಸರದಿಗೆ 120 ಲೀಟರ್. ಕುಡಿಯುವ ನೀರು ಹೊಟ್ಟೆಯ ದಾರಿ ಹಿಡಿದು ಸೋಸಿ ಹೋಗುತ್ತದೆ. ದ್ರಾವಣದ ಈ ನೀರು ರಕ್ತಕ್ಕೆ ಒಂದು ತೆಳು ಪೊರೆಯಷ್ಟೇ ದೂರ. ಗಡಸು ಬೋರ್‌ವೆಲ್ ನೀರನ್ನು ಹಾಗೇ ಬಳಸುವಂತಿಲ್ಲ. ನೀರಿನಲ್ಲಿ ಅಲ್ಯೂಮಿನಿಯಂ ಉಳಿದರೆ ಮೂಳೆಗೂ ಮಿದುಳಿಗೂ ಕೇಡು, ಕ್ಲೋರಮಿನ್ ಉಳಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆದ್ದರಿಂದ ಡಯಾಲಿಸಿಸ್ ಯಂತ್ರದಷ್ಟೇ ಮುಖ್ಯ, ಹಿಂದಿನ ಕೋಣೆಯಲ್ಲಿರುವ ಆರ್‌ಒ ಘಟಕ. ಪೊರೆಯ ಆಚೀಚೆ ಏನು ದಾಟುತ್ತದೆ, ಎಷ್ಟು ವೇಗದಲ್ಲಿ ದಾಟುತ್ತದೆ ಎನ್ನುವುದನ್ನು ಕೆಮಿಕಲ್‌ನವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಕಂಪ್ಯೂಟರ್ ಸೈನ್ಸ್‌ನವರಿಗೆ ದಾರಿ ತೋರಿಸುವ ಅಗತ್ಯ ಅಷ್ಟಿಲ್ಲ, ಈಗ ಎಲ್ಲರ ಕಣ್ಣೂ ಅಲ್ಲೇ ಇದೆ. ಬೆಂಗಳೂರಿನ ಗೀತಾ ಮಂಜುನಾಥ್ ಕಂಪ್ಯೂಟರ್ ವಿಜ್ಞಾನದವರು. ಸ್ತನದ ಉಷ್ಣಚಿತ್ರಗಳನ್ನು ಎಐ ಮೂಲಕ ಓದಿ ಕ್ಯಾನ್ಸರಿನ ಸುಳಿವು ಹಿಡಿಯುವ ನಿರಾಮಯಿ ಸಂಸ್ಥೆ ಕಟ್ಟಿದರು. ವಿಕಿರಣವಿಲ್ಲ, ಮೈ ಮುಟ್ಟುವುದಿಲ್ಲ. ಪರೀಕ್ಷೆಗೆ ಹಿಂಜರಿಯುವ ನಮ್ಮ ಹಳ್ಳಿಯ ಹೆಣ್ಣುಮಕ್ಕಳನ್ನು ನೆನೆದರೆ ಇದರ ಬೆಲೆ ಗೊತ್ತಾಗುತ್ತದೆ.

ಇನ್ನು ದಾರಿಯ ವಿವರ. 2020ರಿಂದ ಗೇಟ್ ಪರೀಕ್ಷೆಯಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪೇಪರ್ ಇದೆ. ಅದರ ಪಠ್ಯಕ್ರಮ ನೋಡಿದರೆ ನನ್ನ ಮಾತು ನಂಬಿಕೆಯಾದೀತು: ಎಂಜಿನಿಯರಿಂಗ್ ಗಣಿತ, ಸರ್ಕ್ಯೂಟ್, ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್, ಅನಲಾಗ್ ಮತ್ತು ಡಿಜಿಟಲ್ ಎಲೆಕ್ಟ್ರಾನಿಕ್ಸ್, ಅಳತೆ ಮತ್ತು ನಿಯಂತ್ರಣ. ಇಷ್ಟೂ ಹಳೆಯ ಪರಿಚಯವೇ. ಆಮೇಲೆ ಸೆನ್ಸರ್, ಅಂಗರಚನೆ ಮತ್ತು ಶರೀರಕ್ರಿಯೆ, ಮೆಡಿಕಲ್ ಇಮೇಜಿಂಗ್, ಬಯೋಮೆಕ್ಯಾನಿಕ್ಸ್, ಬಯೋಮೆಟೀರಿಯಲ್ಸ್. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಅರ್ಧಕ್ಕಿಂತ ಹೆಚ್ಚು ದಾರಿ ಮುಗಿದೇ ಇದೆ. ಈ ಪೇಪರೇ ಬರೆಯಬೇಕೆಂದೂ ಇಲ್ಲ. ತಮ್ಮ ತಮ್ಮ ಬ್ರಾಂಚಿನ ಪೇಪರ್ ಬರೆದು ಬಯೋಮೆಡಿಕಲ್ ಎಂ.ಟೆಕ್ ಸೇರಲು ಹಲವು ಸಂಸ್ಥೆಗಳು ಅವಕಾಶ ಕೊಡುತ್ತವೆ. ಯಾವ ಪೇಪರಿಗೆ ಎಲ್ಲಿ ಅವಕಾಶ ಎನ್ನುವುದನ್ನು ಆಯಾ ಸಂಸ್ಥೆಯ ಪ್ರವೇಶ ಪ್ರಕಟಣೆಯಲ್ಲೇ ಓದಬೇಕು, ಯಾರೋ ಹೇಳಿದರೆಂದು ನಂಬಬಾರದು. 2021ರಿಂದ ಒಬ್ಬರೇ ಎರಡು ಪೇಪರ್ ಬರೆಯಬಹುದು, ನಿಗದಿಪಡಿಸಿದ ಜೋಡಿಗಳಲ್ಲಿ. ಅಂಕಕ್ಕೆ ಮೂರು ವರ್ಷ ಮಾನ್ಯತೆ.

ಐಐಟಿ ದೆಹಲಿ ಮತ್ತು ಏಮ್ಸ್ ಜಂಟಿಯಾಗಿ ನಡೆಸುವ ಬಯೋಮೆಡಿಕಲ್ ಕೇಂದ್ರ 1971ರಷ್ಟು ಹಳೆಯದು. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಹಾಗೂ ಶ್ರೀಚಿತ್ರಾ ಮೂರೂ ಸೇರಿ ಕ್ಲಿನಿಕಲ್ ಎಂಜಿನಿಯರಿಂಗ್ ಎಂ.ಟೆಕ್ ನಡೆಸುತ್ತವೆ. ಆಸ್ಪತ್ರೆಯೊಳಗೇ ನಿಂತು ಕಲಿಯಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಾಣೆ. ನಮ್ಮ ರಾಜ್ಯದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 2015ರಲ್ಲಿ ಜೈವಿಕ ವ್ಯವಸ್ಥೆಗಳ ಎಂಜಿನಿಯರಿಂಗ್ ಕೇಂದ್ರ ತೆರೆಯಿತು. ಅದನ್ನು ಮೊದಲು ಮುನ್ನಡೆಸಿದ ಜಿ.ಕೆ. ಅನಂತಸುರೇಶ್ ಮೆಕ್ಯಾನಿಕಲ್ ಎಂಜಿನಿಯರ್. ಈಗ ಅದು ಬಯೋಎಂಜಿನಿಯರಿಂಗ್ ವಿಭಾಗ. ಬಿ.ಇ. ಮುಗಿಸಿದವರು ಅಲ್ಲಿ ನೇರವಾಗಿ ಪಿಎಚ್.ಡಿ.ಗೂ ಅರ್ಜಿ ಹಾಕಬಹುದು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಕೊಟ್ಟ 425 ಕೋಟಿ ರೂಪಾಯಿಯ ದೇಣಿಗೆಯಿಂದ ಅದೇ ಆವರಣದಲ್ಲಿ 800 ಹಾಸಿಗೆಗಳ ಆಸ್ಪತ್ರೆಯ ಯೋಜನೆ ರೂಪುಗೊಂಡಿತು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಕಾಲೇಜೂ ವೈದ್ಯಕೀಯ ಕಾಲೇಜೂ ಬೇಲಿ ಹಂಚಿಕೊಂಡಷ್ಟು ಹತ್ತಿರ. ವಿಟಿಯು ವ್ಯಾಪ್ತಿಯ ಕಾಲೇಜುಗಳಿಗೆ ಪಿಜಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ.

ಹಣದ ಲೆಕ್ಕವನ್ನೂ ಮುಚ್ಚಿಡಬಾರದು. ಗೇಟ್ ಮೂಲಕ ಸರ್ಕಾರಿ ಸಂಸ್ಥೆಯಲ್ಲಿ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನ. ಪಿಎಚ್.ಡಿ. ಫೆಲೋಶಿಪ್ 2023ರ ಪರಿಷ್ಕರಣೆಯ ನಂತರ ಮೊದಲ ಎರಡು ವರ್ಷ 37,000 ರೂಪಾಯಿ. ಮನೆಯಿಂದ ದುಡ್ಡು ತರಿಸದೆ ಓದಬಹುದು. ಗೇಟ್ ಇಲ್ಲದೆ, ಲಕ್ಷಗಟ್ಟಲೆ ಕಟ್ಟಿಸಿಕೊಂಡು, ಪಕ್ಕದಲ್ಲಿ ಆಸ್ಪತ್ರೆಯೂ ಇಲ್ಲದ ಕಡೆ ಕೊಡುವ ಎಂ.ಟೆಕ್ ಸೀಟನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ರೋಗಿಯ ಮುಖ ನೋಡದೆ ಕಲಿತ ಬಯೋಮೆಡಿಕಲ್, ಹೊಲಕ್ಕಿಳಿಯದೆ ಕಲಿತ ಬೇಸಾಯದ ಹಾಗೆ. ಕ್ಯಾಂಪಸ್ಸಿನಲ್ಲಿ ಮೊದಲ ದಿನವೇ ಸಾಫ್ಟ್‌ವೇರ್‌ನಷ್ಟು ಸಂಬಳ ಬೇಕೆನ್ನುವವರಿಗೂ ಇದು ತಕ್ಕ ದಾರಿಯಲ್ಲ. ಇಲ್ಲಿ ಬೇರು ಇಳಿಯಲು ಸಮಯ ಬೇಕು. ಚಿತ್ರಾ ಕವಾಟದ ಮೊದಲ ಮೂರು ಸೋಲುಗಳನ್ನು ನೆನೆಯಿರಿ.

ಕೆಲಸ ಇದೆಯೇ? ಇದೆ, ಮತ್ತು ದೇಶಕ್ಕೆ ಅದರ ಅಗತ್ಯ ಇನ್ನೂ ಹೆಚ್ಚಿದೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಸಮೀಕ್ಷೆಯಲ್ಲೇ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳಲ್ಲಿ ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ ಶೇ 34ರಷ್ಟು ಕೆಟ್ಟು ನಿಂತಿದ್ದವು. 2015ರಲ್ಲಿ ನಿರ್ವಹಣೆಗೆಂದೇ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು ಅದಕ್ಕೇ. ಕೊಂಡ ಯಂತ್ರ ಬಟ್ಟೆ ಹೊದ್ದು ಮೂಲೆಯಲ್ಲಿ ನಿಂತಿರುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಆ ಯಂತ್ರ ಕೊಳ್ಳುವ ಮೊದಲೇ ‘ಇದರ ಬಿಡಿಭಾಗ ಸಿಗುತ್ತದೆಯೇ, ಈ ಊರಿನ ವೋಲ್ಟೇಜಿಗೆ ತಾಳುತ್ತದೆಯೇ’ ಎಂದು ಕೇಳುವ ಒಬ್ಬ ಎಂಜಿನಿಯರ್ ಅಲ್ಲಿ ಇರಬೇಕಿತ್ತು. ಉಪಕರಣ ತಯಾರಿಸುವ ಕಡೆಯೂ ಚಿತ್ರ ಬದಲಾಗುತ್ತಿದೆ. 2017ರ ವೈದ್ಯಕೀಯ ಸಾಧನ ನಿಯಮಗಳು ಉಪಕರಣಗಳನ್ನು ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದವು. ದಾಖಲೆ, ಪರೀಕ್ಷೆ, ಗುಣಮಟ್ಟ ಎಲ್ಲಕ್ಕೂ ತಿಳಿದವರು ಬೇಕು. 2020ರಲ್ಲಿ ವೆಂಟಿಲೇಟರ್ ಸಿಗದೆ ದೇಶ ಕಂಗೆಟ್ಟಾಗ, ರೇಡಾರ್ ಮಾಡುವ ಬೆಂಗಳೂರಿನ ಬಿಇಎಲ್, ಮೈಸೂರಿನ ಸ್ಕ್ಯಾನ್‌ರೇ ಮತ್ತು ಡಿಆರ್‌ಡಿಒ ಜೊತೆ ಸೇರಿ ತಿಂಗಳುಗಳಲ್ಲಿ 30,000 ವೆಂಟಿಲೇಟರ್ ತಯಾರಿಸಿತು. ಮೈಸೂರಿನಲ್ಲಿ ಉಪಕರಣ ಮಾಡುವ ಎಂಜಿನಿಯರುಗಳು ಮೊದಲೇ ಇದ್ದದ್ದರಿಂದ ಅದು ಸಾಧ್ಯವಾಯಿತು.

ಹಾಸನದ ಮಟ್ಟಿಗೆ ನನ್ನದೊಂದು ಒತ್ತಾಯವಿದೆ. ಮಲೆನಾಡು ಎಂಜಿನಿಯರಿಂಗ್ ಕಾಲೇಜು 1960ರದ್ದು. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2006ರದ್ದು. ಎರಡೂ ಒಂದೇ ಊರಿನಲ್ಲಿವೆ. ಹೊಳೆನರಸೀಪುರದ ದಾರಿಯಲ್ಲಿ ಮೊಸಳೆಹೊಸಹಳ್ಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪೇಟೆಯಿಂದ ಸಿದ್ಧ ಕಿಟ್ ತಂದು ಜೋಡಿಸುವ ಬದಲು, ಇಬ್ಬರು ಮೇಷ್ಟ್ರು ಮತ್ತು ಇಬ್ಬರು ಡಾಕ್ಟರು ಕೂತು ಮಾತಾಡಿದರೆ ಸಾಕು, ವಾರಕ್ಕೊಂದು ಮಧ್ಯಾಹ್ನ ವಿದ್ಯಾರ್ಥಿಗಳು ವಾರ್ಡಿನಲ್ಲಿ ನಿಂತು ನೋಡಲು ವ್ಯವಸ್ಥೆಯಾಗುತ್ತದೆ. ಅನುಮತಿ ಪಡೆಯಬೇಕು, ರೋಗಿಯ ಗುಟ್ಟು ಕಾಯಬೇಕು, ನೈತಿಕ ಸಮಿತಿಯ ಒಪ್ಪಿಗೆ ಇಲ್ಲದೆ ಯಾರ ಮೈಮೇಲೂ ಏನನ್ನೂ ಪ್ರಯೋಗಿಸಬಾರದು. ಇವೂ ಕಲಿಕೆಯೇ. ಅಲ್ಲಿ ಮೊದಲು ಮಾತಾಡಿಸಬೇಕಾದವರು ನರ್ಸುಗಳು. ಯಾವ ಮಾನಿಟರ್ ಸುಮ್ಮಸುಮ್ಮನೆ ಕೂಗುತ್ತದೆ, ಯಾವ ಸಿರಿಂಜ್ ಪಂಪಿನ ಬ್ಯಾಟರಿ ರೋಗಿಯನ್ನು ಸಾಗಿಸುವಾಗಲೇ ಕೈಕೊಡುತ್ತದೆ, ಯಾವ ಪ್ರೋಬ್ ಎಳೆಗೂಸಿನ ಕಾಲಿಗೆ ನಿಲ್ಲುವುದಿಲ್ಲ ಎಂದು ಅವರಿಗೆ ಗೊತ್ತು. ಒಂದೊಂದೂ ಒಂದೊಂದು ಪ್ರಾಜೆಕ್ಟ್, ಮುಂದೆ ಎಂ.ಟೆಕ್ ಸಂದರ್ಶನದಲ್ಲಿ ‘ಈ ಕ್ಷೇತ್ರಕ್ಕೆ ಯಾಕೆ ಬಂದೆ?’ ಎಂದು ಕೇಳಿದಾಗ ಹೇಳಲು ಗಟ್ಟಿಯಾದ ಉತ್ತರ. ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರಿಗೂ ಅಷ್ಟೇ: ಅಲ್ಲೂ ಬೇರೆ ಬ್ರಾಂಚಿನವರನ್ನು ತೆಗೆದುಕೊಳ್ಳುತ್ತಾರೆ, ಶರೀರಶಾಸ್ತ್ರದ ಒಂದೆರಡು ಕೋರ್ಸು ಹೆಚ್ಚುವರಿಯಾಗಿ ಮಾಡಿಸಬಹುದು, ಆದರೆ ಉದ್ದೇಶ ಸ್ಪಷ್ಟವಿರಬೇಕು.

ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ತೆರೆಯುತ್ತದೆ, ಪರೀಕ್ಷೆ ಫೆಬ್ರುವರಿಯಲ್ಲಿ. ಮೂರನೇ ವರ್ಷದವರೂ ಬರೆಯಬಹುದು. ಬಯೋಮೆಡಿಕಲ್ ಸಿಗ್ನಲ್, ಇಮೇಜಿಂಗ್, ಬಯೋಮೆಕ್ಯಾನಿಕ್ಸ್ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಫೋನಿನಲ್ಲೇ ನೋಡಬಹುದು. ಶರೀರಕ್ರಿಯೆಗೆ ಗೈಟನ್ ಪುಸ್ತಕ ಬೇಕು. ದಪ್ಪನೆಯದು, ಹೊಸದು ಕೊಳ್ಳಬೇಕಿಲ್ಲ. ಎಂಬಿಬಿಎಸ್ ಎರಡನೇ ವರ್ಷಕ್ಕೆ ಹೋದವರು ಹಳೆಯದನ್ನು ಕೊಡುತ್ತಾರೆ. ಇಡೀ ಪುಸ್ತಕ ಓದಲು ಹೊರಟು ಸೋಲಬೇಡಿ. ಹೃದಯ, ರಕ್ತಪರಿಚಲನೆ, ಮೂತ್ರಪಿಂಡ, ನರ ಈ ನಾಲ್ಕು ಭಾಗಗಳನ್ನು ಮೊದಲು ಮುಗಿಸಿ, ಓದುವಾಗ ಪಕ್ಕದಲ್ಲಿ ನಿಮ್ಮ ಬ್ರಾಂಚಿನ ಪುಸ್ತಕವೂ ತೆರೆದಿರಲಿ.